ರಾಕ್ಷಸನ ಗುಹೆಗೆ ಮಾವ ಬಂದದ್ದು

ಈ ಬಂಡೆಯೊಳಗೆ ಮಣ್ಣೂ ಇಲ್ಲ ಕಲ್ಲೂ ಇಲ್ಲ, ಬರೀ ಫೈಬರ್, ಮೇಲೆ ಪಾಚಿ ಅಂತ ಹಸಿರು ಬಳಿದಿದ್ದಾರೆ, ಬಳಿದವನು ಜನ್ಮದಲ್ಲಿ ಪಾಚಿ ಕಂಡಿರಲಿಕ್ಕಿಲ್ಲ — ಪಾರ್ಕಿನ ಆಟದ ರೈಲು ಏರುತ್ತಿದ್ದಂತೆ ಲಿಫ್ಟ್ ಮೆಕ್ಯಾನಿಕ್ಕು ಮೂಗು ಮುರಿದ, ಮೂವತ್ತೊಂದು ವರ್ಷ ಲಿಫ್ಟಿನ ಹಗ್ಗ, ಬ್ರೇಕು ನೋಡಿದ ಕಣ್ಣು, ಈ ಕಟಕಟ ಸದ್ದಿಗೆ ಅವನು ಹೆದರಿಯಾನೇ, ಸರಪಳಿಗೆ ಎಣ್ಣೆ ಸಾಲದು ಅಷ್ಟೇ, ಹಿಂದಿನ ಸೀಟಿನ ದಢೂತಿ ಆಗಲೇ ಅಯ್ಯಯ್ಯೋ ಅಂತಾನೆ, ಬಿಸಿಲಲ್ಲಿ ಗಂಟೆಗಟ್ಟಲೆ ಸಾಲು ನಿಂತು ಹೆದರಿಕೊಳ್ಳೋ ಜನ, ಬುದ್ಧಿ ಎಲ್ಲಿ ಅಡ ಇಟ್ಟು ಬಂದಿದ್ದಾರೋ, ಬಲಗಡೆ ಮಗಳು, ಅಪ್ಪ, ಗುಹೆಯೊಳಗೆ ಎಡಕ್ಕೆ ನೋಡು, ಅವರು ಅಲ್ಲೇ ನಿಂತಿರ್ತಾರೆ, ಅವರಂತೆ ಅವರು, ಎಂಟು ತಿಂಗಳ ಹಿಂದೆ ರಿಜಿಸ್ಟ್ರಾರ್ ಆಫೀಸಿನಲ್ಲಿ ಸಹಿ ಹಾಕಿ ಅಳಿಯನಾದವನು, ಏನಮ್ಮಾ ಕೆಲಸ ಅಂತ ಕೇಳಿದರೆ ಪಾರ್ಕಿನಲ್ಲಿ ರಾಕ್ಷಸ, ಥೂ, ಅದೂ ಒಂದು ಉದ್ಯೋಗವೇ, ರಬ್ಬರ್ ಮುಖವಾಡ, ಸ್ಪಂಜಿನ ಕೊಡಲಿ, ರೈಲು ಬಂದರೆ ಹೋ ಅನ್ನಬೇಕು, ಹೋದರೆ ಸುಮ್ಮನೆ ನಿಲ್ಲಬೇಕು, ಅದಕ್ಕೆ ಊಟದ ಬಿಡುವು ಬೇರೆ, ನೆಂಟರು ಕೇಳಿದರೆ ಮನರಂಜನೆ ವಿಭಾಗ ಅನ್ನಿ ಅಂತ ಹೇಳಿಕೊಟ್ಟವಳು ತನ್ನ ಹೆಂಡತಿ, ಅವಳೂ ಆ ಕಡೆಗೇ ವಾಲಿದ್ದಾಳೆ, ಇವತ್ತು ಕೆಳಗಿಳಿದ ಕೂಡಲೇ ಹೇಳಿಬಿಡಬೇಕು, ಕಂಡೆನಮ್ಮ ನಿನ್ನ ಗಂಡನ ಘನಂದಾರಿ ಕೆಲಸ, ಬಟ್ಟೆ ಕಟ್ಟು, ಮನೆಗೆ ನಡಿ, ಅದಕ್ಕೇ ತಾನೇ ಬಂದದ್ದು, ಇಲ್ಲದಿದ್ದರೆ ಈ ವಯಸ್ಸಲ್ಲಿ ಈ ಮಂಗಾಟ — ಹಳಿಯ ನೆತ್ತಿ, ಒಂದು ಕ್ಷಣ ಬರೀ ಆಕಾಶ, ಆಮೇಲೆ ರೈಲು ಧಡಾರನೆ ಕೆಳಗೆ ಜಾರಿತು, ಮಗಳು ಕೇಕೆ ಹಾಕುತ್ತಾಳೆ, ಚಿಕ್ಕವಳಿದ್ದಾಗ ಲಿಫ್ಟ್ ಇಳಿಯೋ ಆಳದ ಗುಂಡಿ ಬಗ್ಗಿ ನೋಡಿ ಅವನ ಕಾಲು ತಬ್ಬಿಕೊಂಡಿದ್ದವಳು, ಈಗ ಹಿಡಿಯೋಕೆ ಅಪ್ಪ ಬೇಡ — ಗುಹೆ, ಕತ್ತಲು, ಕೆಂಪು ದೀಪ, ನೋಡು ಎಷ್ಟು ಟೊಳ್ಳು ಅಂತ ಗೋಡೆ ತಟ್ಟಿ ತೋರಿಸೋಕೆ ಎಡಗೈ ಹೊರಗೆ ಚಾಚಿದ, ಚಲಿಸೋ ಪೆಟ್ಟಿಗೆಯಿಂದ ಕೈ ಹೊರಗೆ ಹಾಕಿದವನು ಬೆರಳು ಹುಡುಕಿಕೊಂಡು ಹೋಗಬೇಕಾಗುತ್ತೆ ಅಂತ ಕೆಲಸಗಾರರಿಗೆ ದಿನಬೆಳಗಾದರೆ ಬೈಯುತ್ತಿದ್ದವನು, ಅವನೇ ಚಾಚಿದ, ಮುಂದಿದ್ದ ಕಬ್ಬಿಣದ ಕಂಬ ಕಾಣಲಿಲ್ಲ, ಕೊಡಲಿ ಎತ್ತಿ ಹಾರಿದ ರಾಕ್ಷಸ ಹೋ ಅನ್ನಲಿಲ್ಲ, ಮಾವಾ, ಕೈ ಒಳಗೆ, ಅಂತ ಕಿರುಚಿದ, ಕೊಡಲಿಯಿಂದ ರಪ್ಪನೆ ಬಡಿದ, ಕೈ ಮಡಿಲಿಗೆ ಬಂದು ಬಿತ್ತು, ಕಂಬ ಭರ್ರನೆ ಭುಜದ ಪಕ್ಕ ಹಾದುಹೋಯಿತು — ಬೆಳಕು, ಬ್ರೇಕು, ಐದೂ ಬೆರಳು ಇವೆ, ಅಪ್ಪ, ಕೈ ತೋರಿಸು, ಪೆಟ್ಟಾಯ್ತಾ, ಏನಾಗುತ್ತೆ, ಸ್ಪಂಜು ತಾನೇ ಅಂದ, ಹಂಗಿಸೋ ದನಿಯಲ್ಲಿ ಬರಬೇಕಿದ್ದ ಮಾತು ಹಾಗೆ ಬರಲಿಲ್ಲ, ಈಗ ಹೇಳಬೇಕು, ಬಟ್ಟೆ ಕಟ್ಟು — ಗುಹೆಯ ಆ ರಬ್ಬರ್ ಮುಖವಾಡದಲ್ಲಿ ಎರಡು ತೂತು, ಒಳಗೆ ಎರಡು ಕಣ್ಣು, ಹೆದರಿಸೋ ಕಣ್ಣಲ್ಲ, ಹೆದರಿದ ಕಣ್ಣು — ತೊಡೆ ಮೇಲಿನ ಅಡ್ಡಪಟ್ಟಿ ಮೇಲೆದ್ದಿತು, ಎಲ್ಲರೂ ಇಳಿಯುತ್ತಿದ್ದಾರೆ, ಸಂಬಳಕ್ಕೆ ಹೋ ಅನ್ನೋ ಒಬ್ಬ ಕೋಡಂಗಿ, ಅವನಿಗ್ಯಾಕೆ ನನ್ನ ಕೈ ಮೇಲೆ ಅಷ್ಟು — ಎರಡು ತೂತು, ಹೆದರಿದ ಕಣ್ಣು — ಏನೋ ಹೇಳೋಕೆ ಹೊರಟೆಯಲ್ಲಪ್ಪ, ಏನಿಲ್ಲಮ್ಮ, ಏಳು, ಅಂದ, ತಾನು ಏಳಲಿಲ್ಲ, ಮನೆಗೆ ನಡಿ ಅನ್ನಬೇಕು, ಮನೆಗೆ — ಎರಡು ತೂತು, ಅದರೊಳಗೆ ಆ ಕಣ್ಣು