ಮನೆಯೆಲ್ಲ ಹುಡುಕಿದ ಕರೆಂಟು

ಮೋಟರಕ್ಕನ ಮನೆಯಲ್ಲಿ ಎಲ್ಲೋ ಕರೆಂಟು ಸೋರುತ್ತಿದೆ. ಹೇಳಿದವಳು ಮೋಟರಕ್ಕನೇ, ಹಾಗಾಗಿ ಯಾರೂ ಎದುರಾಡಲಿಲ್ಲ. ಸುಟ್ಟ ಮೋಟರು ಬಿಚ್ಚಿ, ಕರಕಲಾದ ತಾಮ್ರದ ತಂತಿ ಕಿತ್ತು, ಹೊಸ ತಂತಿ ಸುತ್ತಿ ಕೊಡುವುದು ಅವಳ ಕಸುಬು. ಹದಿನಾರು ವರ್ಷದಿಂದ ಅದೇ ಕೆಲಸ. ಫ್ಯಾನು, ಮಿಕ್ಸಿ, ನೀರಿನ ಪಂಪು, ಏನು ಕೆಟ್ಟರೂ ಬೀದಿಯವರು ತಟ್ಟುವುದು ಮನೆಗೆ ಅಂಟಿಕೊಂಡ ಅವಳ ವರ್ಕ್‌ಶಾಪಿನ ತಗಡಿನ ಬಾಗಿಲನ್ನೇ.

ತೊಂದರೆ ಏನೆಂದರೆ, ಆ ಕರೆಂಟು ಅವಳೊಬ್ಬಳಿಗೇ ಹೊಡೆಯುತ್ತಿತ್ತು. ಕಣ್ಣನ್ನು ಪಕ್ಕಕ್ಕೆ ಹೊರಳಿಸಿದರೆ ತಲೆಯೊಳಗೆ ಜುಮ್. ಮೆಟ್ಟಿಲು ಇಳಿದರೆ ಜುಮ್. ಕಣ್ಣು ಮಿಟುಕಿಸುವಷ್ಟು ಹೊತ್ತು, ಅಷ್ಟೇ. ಅವಳು ಟೆಸ್ಟರ್ ಹಿಡಿದು ಫ್ರಿಜ್ಜು, ನಲ್ಲಿ, ಕಬ್ಬಿಣದ ಮಂಚ, ಬಾಗಿಲ ಚಿಲಕ ಎಲ್ಲವನ್ನೂ ಮುಟ್ಟಿ ನೋಡಿದಳು. ಟೆಸ್ಟರಿನ ದೀಪ ಹತ್ತಲಿಲ್ಲ. ಸ್ವಿಚ್ ಬೋರ್ಡುಗಳನ್ನೆಲ್ಲ ಬಿಚ್ಚಿದಳು. ಕೊನೆಗೆ ಮೇನ್ ಆಫ್ ಮಾಡಿ, ಫ್ಯೂಸು ಕಿತ್ತು ಜೇಬಿಗೆ ಹಾಕಿಕೊಂಡು ಮನೆಯ ನಡುವೆ ನಿಂತಳು. ಈಗ ಇಡೀ ಮನೆಯಲ್ಲಿ ಕರೆಂಟೇ ಇಲ್ಲ. ಮೆಲ್ಲಗೆ ತಲೆ ತಿರುಗಿಸಿದಳು. ಜುಮ್.

ಆಮೇಲೆ ಕನ್ನಡಿ ಮುಂದೆ ನಿಂತು ಟೆಸ್ಟರನ್ನು ತನ್ನ ಹಣೆಗೇ ಇಟ್ಟುಕೊಂಡಳು. ಅದನ್ನು ಅತ್ತೆ ನೋಡಿಬಿಟ್ಟರು.

"ಏನೇ ಅದು?"

"ಚೆಕ್ ಮಾಡ್ತಿದ್ದೀನಿ ಅತ್ತೆ."

"ಬಂತಾ?"

"ಇಲ್ಲ."

"ಹಾಗಾದ್ರೆ ಬಂದು ಟೀ ಕುಡಿ," ಎಂದು ಅತ್ತೆ ಒಳಗೆ ಹೋದರು.

ಎರಡು ವರ್ಷದ ಹಿಂದೆ ಮೋಟರಕ್ಕನಿಗೆ ಖಿನ್ನತೆ ಬಂದಿತ್ತು. ಬೆಂಚಿನ ಮುಂದೆ ಕೂತರೆ ಹತ್ತು ಸುತ್ತು ತಂತಿ ಸುತ್ತುವಷ್ಟರಲ್ಲಿ ಲೆಕ್ಕ ತಪ್ಪುತ್ತಿತ್ತು. ಈ ಕೆಲಸದಲ್ಲಿ ಲೆಕ್ಕವೇ ಎಲ್ಲ. ಎಂಬತ್ತು ಸುತ್ತು ಬೇಕಾದ ಕಡೆ ಎಪ್ಪತ್ತು ಸುತ್ತಿದರೆ ಮೋಟರು ಬಿಸಿಯಾಗಿ ಸುಟ್ಟೇ ಹೋಗುತ್ತದೆ. ಆಗ ಡಾಕ್ಟರು ದಿನಕ್ಕೊಂದು ಮಾತ್ರೆ ಕೊಟ್ಟರು, ಮಾತಾಡಿಸಿದರು, ಮಾತಾಡಿಸುತ್ತಲೇ ಇದ್ದರು. ನಿಧಾನವಾಗಿ ಕೈಗೆ ಲೆಕ್ಕ ವಾಪಸು ಬಂತು, ಮುಖಕ್ಕೆ ನಗು ಬಂತು. ಒಂದು ವರ್ಷದಿಂದ ಅವಳು ಆರಾಮಾಗಿದ್ದಳು.

ಆರಾಮಾಗಿದ್ದುದೇ ಎಡವಟ್ಟಾಯಿತು. ರಿಪೇರಿಯಾದ ಮೋಟರನ್ನು ಯಾರಾದರೂ ಮತ್ತೆ ಬೆಂಚಿನ ಮೇಲೆ ಇಟ್ಟುಕೊಳ್ಳುತ್ತಾರಾ? ಒಂದು ಬೆಳಿಗ್ಗೆ ಅವಳು ಮಾತ್ರೆಯ ಡಬ್ಬಿಯನ್ನು ಬೀರುವಿನ ಮೇಲಕ್ಕೆ ಎತ್ತಿಟ್ಟಳು. ಯಾರಿಗೂ ಹೇಳಲಿಲ್ಲ, ಆಮೇಲೆ ತಾನೂ ಮರೆತಳು. ಮೂರನೇ ದಿನ ಜುಮ್ ಶುರುವಾಯಿತು. ಎರಡನ್ನೂ ಕೂಡಿಸಿ ನೋಡಬೇಕೆಂದು ಅವಳಿಗೆ ಹೊಳೆಯಲೇ ಇಲ್ಲ. ತಿಂದ ಮಾತ್ರೆ ಕಾಟ ಕೊಡಬಹುದು, ತಿನ್ನದ ಮಾತ್ರೆ ಹೇಗೆ ಕಾಟ ಕೊಡುತ್ತದೆ?

ದಿನ ಹೋದಂತೆ ತಲೆಸುತ್ತು, ವಾಕರಿಕೆ. ಕಣ್ಣು ಮುಚ್ಚಿದರೆ ಚಿತ್ರವಿಚಿತ್ರ ಕನಸು. ಗಂಡ ಬಸ್ಸಿನ ಕಂಡಕ್ಟರು, ದಿನವಿಡೀ ಜನರ ಬೈಗುಳ ತಿಂದು ಬರುವ ಸಮಾಧಾನಿ. ಬಾಗಿಲು ಜೋರಾಗಿ ಹಾಕಿದ ಎಂದು ಅವನ ಮೇಲೆ ಹರಿಹಾಯ್ದಳು. ಮರುಗಳಿಗೆಯಲ್ಲೇ ಅತ್ತಳು. ಯಾಕೆ ಅತ್ತಳೆಂದು ಅವನಿಗೂ ಗೊತ್ತಿಲ್ಲ, ಅವಳಿಗೂ ಗೊತ್ತಿಲ್ಲ.

ಜುಮ್ ಶುರುವಾದ ಹನ್ನೊಂದನೇ ದಿನ ಬೆಂಚಿನಲ್ಲಿ ಐವತ್ತಮೂರಕ್ಕೆ ಲೆಕ್ಕ ತಪ್ಪಿತು. ಬಿಚ್ಚಿ ಮತ್ತೆ ಶುರು ಮಾಡಿದಳು. ಮೂವತ್ತೊಂದಕ್ಕೆ ತಪ್ಪಿತು. ಮೂರನೇ ಸಲ ಹನ್ನೆರಡೋ ಹದಿಮೂರೋ ಗೊತ್ತಾಗಲಿಲ್ಲ. ಹಳೇ ಕಾಯಿಲೆ ವಾಪಸು ಬಂದಿದೆ, ಇನ್ನು ತನ್ನ ಕಥೆ ಮುಗಿಯಿತು ಎಂದುಕೊಂಡಳು.

"ವರ್ಕ್‌ಶಾಪ್ ಮುಚ್ಚೋಣ," ಎಂದಳು ಗಂಡನಿಗೆ. "ಲೆಕ್ಕ ತಪ್ಪೋ ಕೈಗೆ ಕರೆಂಟಿನ ಕೆಲಸ ಬೇಡ. ನಾಳೆ ಯಾರ ಮನೇಲಾದ್ರೂ ಹೆಚ್ಚುಕಮ್ಮಿ ಆದ್ರೆ?"

"ಎರಡು ದಿನ ರಜ ಹಾಕು ಸಾಕು."

"ರಜ ಅಲ್ಲ. ಮುಚ್ಚೋದು." ರಟ್ಟಿನ ತುಂಡಿನ ಮೇಲೆ 'ಮುಚ್ಚಿದೆ' ಎಂದು ದಪ್ಪಕ್ಷರದಲ್ಲಿ ಬರೆದಳು. ಬರೆದು, ತೂಗುಹಾಕಲು ಮೊಳೆ ಹುಡುಕುತ್ತಾ ಯಾಕೆ ಹುಡುಕುತ್ತಿದ್ದೇನೆಂದು ಮರೆತು ನಿಂತಳು.

ಅದೇ ಹೊತ್ತಿಗೆ ಆರೋಗ್ಯ ಕೇಂದ್ರದ ನರ್ಸಮ್ಮ ಕೆಟ್ಟ ಟೇಬಲ್ ಫ್ಯಾನು ಕಂಕುಳಲ್ಲಿ ಹಿಡಿದು ಒಳಗೆ ಬಂದರು. ಹೊರಗೆ ಸುಡುಬಿಸಿಲು. ಒಳಗೆ ಮೋಟರಕ್ಕ ಮೊಣಕಾಲುದ್ದದ ರಬ್ಬರ್ ಬೂಟು, ಎರಡೂ ಕೈಗೆ ರಬ್ಬರ್ ಗ್ಲೌಸು ಹಾಕಿಕೊಂಡು ನಿಂತಿದ್ದಾಳೆ.

"ಏನಮ್ಮ, ಪ್ರವಾಹ ಬರುತ್ತೆ ಅಂತ ಯಾರಾದ್ರೂ ಹೇಳಿದ್ರಾ?"

"ಕರೆಂಟ್ ಹೊಡೀತಿದೆ ನರ್ಸಮ್ಮ. ಎಲ್ಲಿಂದ ಅಂತ ಗೊತ್ತಾಗ್ತಿಲ್ಲ."

"ಎಲ್ಲಿಗೆ ಹೊಡೆಯುತ್ತೆ?"

"ತಲೆಗೆ."

ನರ್ಸಮ್ಮ ಫ್ಯಾನನ್ನು ಕೆಳಗಿಟ್ಟರು. "ಕಣ್ಣು ಹೊರಳಿಸಿದಾಗ ಜಾಸ್ತಿನಾ?"

ಮೋಟರಕ್ಕ ಬೆಚ್ಚಿದಳು. "ನಿಮಗ್ಯಾರು ಹೇಳಿದ್ರು?"

"ಆ ಮಾತ್ರೆ ತಗೊಳ್ತಿದ್ದೆಯಲ್ಲ, ಬಿಟ್ಟೆಯಾ?"

ಮೋಟರಕ್ಕ ಬೆರಳು ಮಡಚಿ ದಿನ ಎಣಿಸಿದಳು. ಗ್ಲೌಸು ಹಾಕಿದ್ದರಿಂದ ಮಡಚಲು ಕಷ್ಟವಾಯಿತು. "ಹದಿಮೂರು, ಹದಿನಾಲ್ಕು ದಿನ ಆಯ್ತೇನೋ. ಆದ್ರೆ ನಾನು ಚೆನ್ನಾಗಿದ್ದೆನಲ್ಲ?"

"ಒಂದೇ ಸಲಕ್ಕಾ?"

"ಮತ್ತೆ? ಬಿಡೋದು ಅಂದ್ರೆ ಬಿಡೋದು ತಾನೆ?"

ಟೀ ತಂದ ಅತ್ತೆ ಬಾಗಿಲಲ್ಲೇ ನಿಂತು ಕೇಳುತ್ತಿದ್ದರು. "ನಾನು ಅವತ್ತೇ ಬಡಕೊಂಡೆ," ಎಂದರು. "ಅವೆಲ್ಲ ಚಟ ಹತ್ತಿಸೋ ಮಾತ್ರೆ. ಈಗ ನೋಡಿ, ಬಿಡೋಕೂ ಆಗ್ತಿಲ್ಲ."

"ಅಮ್ಮಾ, ಚಟ ಹತ್ತಿದವರು ಅದನ್ನೇ ಹುಡುಕ್ಕೊಂಡು ಹೋಗ್ತಾರೆ, ಇನ್ನೂ ಬೇಕು ಇನ್ನೂ ಬೇಕು ಅಂತಾರೆ. ನಿಮ್ಮ ಸೊಸೆಗೆ ಮಾತ್ರೆ ಬಿಟ್ಟಿದ್ದೇ ಮರೆತುಹೋಗಿದೆ. ಇದು ಚಟ ಅಲ್ಲ. ಎರಡು ವರ್ಷ ಮಿದುಳು ಅದಕ್ಕೆ ಒಗ್ಗಿಕೊಂಡಿದೆ. ಇದ್ದಕ್ಕಿದ್ದ ಹಾಗೆ ನಿಲ್ಲಿಸಿದ್ರೆ ತಬ್ಬಿಬ್ಬಾಗುತ್ತೆ. ತಲೆಯೊಳಗೆ ಜುಮ್ ಅನ್ನೋದು, ತಲೆಸುತ್ತು, ಅಳು, ಕೋಪ, ಕೆಟ್ಟ ಕನಸು, ಎಲ್ಲ ಅದರಿಂದ ಬರಬಹುದು."

"ಹಾಗಾದ್ರೆ ಹಳೇ ಕಾಯಿಲೆ ಬಂದಿಲ್ವಾ?" ಮೋಟರಕ್ಕ ಗ್ಲೌಸು ಕಿತ್ತುಹಾಕುತ್ತಾ ಕೇಳಿದಳು. ಕೇಳಬೇಕಾಗಿದ್ದ ಪ್ರಶ್ನೆ ಅದೊಂದೇ.

"ಅವಾಗ ಹೇಗೆ ಬಂದಿತ್ತು?"

"ಬಂದಿದ್ದೇ ಗೊತ್ತಾಗಲಿಲ್ಲ. ತಿಂಗಳುಗಟ್ಟಲೆ ಸ್ವಲ್ಪ ಸ್ವಲ್ಪ."

"ಈಗ?"

"ಮೂರನೇ ದಿನಕ್ಕೇ."

"ಅವಾಗ ತಲೇಲಿ ಜುಮ್ ಅಂತಿತ್ತಾ?"

"ಇಲ್ಲ."

"ಅದಕ್ಕೇ ನನಗನ್ಸೋದು, ಇದು ಮಾತ್ರೆ ಬಿಟ್ಟದ್ದರ ಕಾಟ ಅಂತ. ಆದ್ರೆ ಹೌದೋ ಅಲ್ಲವೋ ಡಾಕ್ಟರೇ ಹೇಳಬೇಕು."

ಮೋಟರಕ್ಕ ಮನೆಯೊಳಗೆ ಓಡಿ, ಸ್ಟೂಲು ಹತ್ತಿ ಬೀರುವಿನ ಮೇಲಿಂದ ಡಬ್ಬಿ ತೆಗೆದೇಬಿಟ್ಟಳು. ಹಿಂದೆಯೇ ಬಂದ ನರ್ಸಮ್ಮ ಅವಳ ಕೈ ಹಿಡಿದರು. "ನಿನ್ನಷ್ಟಕ್ಕೆ ಬಿಟ್ಟಿದ್ದು ಆಯ್ತು, ಈಗ ನಿನ್ನಷ್ಟಕ್ಕೇ ಶುರು ಮಾಡ್ತೀಯಾ? ಮೊದಲು ಫೋನ್ ಮಾಡು."

ಡಾಕ್ಟರು ಮಧ್ಯಾಹ್ನವೇ ಬರಲು ಹೇಳಿದರು. ಗಂಡನೂ ಜೊತೆಗೆ ಹೋದ. ಡಾಕ್ಟರು ಎಲ್ಲ ಕೇಳಿ, ಅವಳ ಕಣ್ಣು, ನಾಡಿ, ರಕ್ತದೊತ್ತಡ ನೋಡಿ, ನರ್ಸಮ್ಮನ ಮಾತೇ ಸರಿ ಎಂದರು.

"ಇದು ಎಷ್ಟು ದಿನ ಇರುತ್ತೆ ಸಾರ್?"

"ಖಚಿತವಾಗಿ ಹೇಳೋಕಾಗಲ್ಲ. ಸುಮಾರು ಜನಕ್ಕೆ ಒಂದೆರಡು ವಾರದಲ್ಲಿ ಇಳಿಯುತ್ತೆ. ಕೆಲವರಿಗೆ ತಿಂಗಳುಗಟ್ಟಲೆ, ಇನ್ನು ಕೆಲವರಿಗೆ ಅದಕ್ಕಿಂತ ಜಾಸ್ತಿ. ಯಾವ ಮಾತ್ರೆ, ಎಷ್ಟು ಕಾಲ ತಗೊಂಡ್ರಿ, ಎಷ್ಟು ಬೇಗ ಬಿಟ್ರಿ, ಎಲ್ಲದರ ಮೇಲೆ ಹೋಗುತ್ತೆ."

ಮೋಟರಕ್ಕನಿಗೆ ಸಿಟ್ಟು ಬಂತು. "ಯಾವ ಮೋಟರಿಗೆ ಎಷ್ಟು ಸುತ್ತು ಅಂತ ಕೇಳಿದ್ರೆ ನಾನು ಹೀಗೆ ಹೇಳಲ್ಲ."

"ಮೋಟರು ಬಿಚ್ಚದೇ ಹೇಳ್ತೀರಾ?"

ಅವಳು ಯೋಚಿಸಿದಳು. "ಇಲ್ಲ. ಬಿಚ್ಚಿ ಎಣಿಸಬೇಕು."

"ನನ್ನದೂ ಅಷ್ಟೇ. ಮತ್ತೆ ಮಾತ್ರೆ ಶುರು ಮಾಡೋಣ. ಜುಮ್ ಅನ್ನೋದು ಕೆಲವು ದಿನದಲ್ಲಿ ತಗ್ಗಬೇಕು. ನೀವು ಗಟ್ಟಿಯಾದ ಮೇಲೆ ಸ್ವಲ್ಪ ಸ್ವಲ್ಪ ಇಳಿಸೋಣ, ಪ್ರತಿ ಸಲ ಇಳಿಸಿದ ಮೇಲೂ ನಿಂತು ನೋಡೋಣ. ಬಿಡಬೇಕು ಅನ್ಸಿದ್ದು ತಪ್ಪಲ್ಲ. ಕೇಳದೆ ಬಿಟ್ಟಿದ್ದು ತಪ್ಪು."

"ದಿನ ಬಿಟ್ಟು ದಿನ ತಗೊಂಡ್ರೆ ಆಗಲ್ವಾ?" ಗಂಡ ಕೇಳಿದ. ಅವನ ಡ್ಯೂಟಿಯೂ ಹಾಗೇ, ಒಂದು ದಿನ ಬಸ್ಸು, ಒಂದು ದಿನ ಮನೆ.

ಉತ್ತರ ಮೋಟರಕ್ಕನೇ ಕೊಟ್ಟಳು. "ಅದು ಸ್ವಿಚ್ಚನ್ನ ಆನ್ ಆಫ್ ಆನ್ ಆಫ್ ಮಾಡಿದ ಹಾಗೆ ಕಣ್ರಿ. ಫ್ಯಾನಿಗಿರೋ ಹಾಗೆ ರೆಗ್ಯುಲೇಟರ್ ಬೇಕು ಇದಕ್ಕೆ. ಅಲ್ವಾ ಸಾರ್, ಐದು, ನಾಲ್ಕು, ಮೂರು?"

"ಹೌದು. ಆದ್ರೆ ಇಲ್ಲಿ ಒಂದರಿಂದ ಸೊನ್ನೆಗೆ ಇಳಿಯೋದೇ ಕಷ್ಟ. ಕೊನೆಕೊನೆಗೆ ಇನ್ನೂ ಸಣ್ಣ ಸಣ್ಣದಾಗಿ ಇಳಿಸಬೇಕು."

"ಸಣ್ಣದು ನಾನೇ ಮಾಡ್ಕೋತೀನಿ. ಒಳ್ಳೇ ವೈರ್ ಕಟರ್ ಇದೆ."

ಡಾಕ್ಟರು ಪೆನ್ನು ಕೆಳಗಿಟ್ಟರು. "ದಯವಿಟ್ಟು ಬೇಡ. ಕೆಲವು ಮಾತ್ರೆ ಕತ್ತರಿಸಲೇಬಾರದು. ಎಷ್ಟು ಬೇಕೋ ಅಷ್ಟರದ್ದು ನಾನೇ ಬರೆದುಕೊಡ್ತೀನಿ. ಮತ್ತೆ, ತಲೆಸುತ್ತು ಇರೋ ತನಕ ಕರೆಂಟಿರೋ ವೈರ್ ಮುಟ್ಟಬೇಡಿ."

ಐದಾರು ದಿನದಲ್ಲಿ ಜುಮ್ ತಗ್ಗಿತು. 'ಮುಚ್ಚಿದೆ' ಎಂದು ಬರೆದ ರಟ್ಟು ಟೇಬಲ್ ಫ್ಯಾನಿನ ಅಡಿಗೆ ಹೋಯಿತು. ಎರಡು ತಿಂಗಳ ಮೇಲೆ ಇಳಿಸಲು ಶುರು ಮಾಡಿದರು. ಪ್ರತಿ ದಿನ ಹೇಗಿತ್ತೆಂದು ಮೋಟರಕ್ಕ ಕ್ಯಾಲೆಂಡರಿನಲ್ಲಿ ಗುರುತು ಹಾಕಿದಳು. ದಾರಿ ನೇರವಾಗಿರಲಿಲ್ಲ. ಇಳಿಸಲು ಶುರು ಮಾಡಿದ ನಾಲ್ಕನೇ ತಿಂಗಳಲ್ಲಿ ಮತ್ತೆ ಜುಮ್, ಮತ್ತೆ ಅಳು. ಅವಳಿಗೆ ಮತ್ತೆ ದಿಕ್ಕು ತಪ್ಪಿತು. ಡಾಕ್ಟರು ಹಿಂದಿನ ಅಳತೆಗೆ ಹೋಗಿ, ಅಲ್ಲೇ ಆರು ವಾರ ನಿಲ್ಲಿಸಿದರು. "ಇನ್ನೂ ಎಷ್ಟು ದಿನವೇ?" ಎಂದು ಅತ್ತೆ ವಾರಕ್ಕೊಮ್ಮೆ ಕೇಳುತ್ತಿದ್ದರು. "ಗೊತ್ತಿಲ್ಲ ಅತ್ತೆ," ಎನ್ನುತ್ತಿದ್ದಳು. ಹಾಗೆ ಹೇಳುವುದು ಅವಳಿಗೆ ನಿಧಾನಕ್ಕೆ ಅಭ್ಯಾಸವಾಯಿತು.

ಹತ್ತು ತಿಂಗಳಾದ ಮೇಲೆ ಕೊನೆಯ ಸಣ್ಣ ಮಾತ್ರೆಯೂ ನಿಂತಿತು. ಒಂದು ವಾರ ಉಸಿರು ಬಿಗಿಹಿಡಿದು ಕಾದಳು. ಏನೂ ಆಗಲಿಲ್ಲ. ಎರಡು ವಾರ. ಐದು ವಾರ.

ಆರನೇ ವಾರದ ಒಂದು ಬೆಳಿಗ್ಗೆ ಬಟ್ಟೆ ಒಗೆಯುವ ಮಷೀನಿನಿಂದ ಬಟ್ಟೆ ತೆಗೆಯಲು ಬಗ್ಗಿದಾಗ ಜುಮ್ ಅಂತು. ಮೋಟರಕ್ಕ ಅಲ್ಲೇ ನೆಲಕ್ಕೆ ಕುಸಿದು ಕೂತಳು. ಅಷ್ಟು ತಿಂಗಳ ಕಷ್ಟ ನೀರಿಗೆ ಹೋಯಿತೆಂದು ಕಣ್ಣು ತುಂಬಿ ಬಂತು. "ಏನಾಯ್ತೇ?" ಎನ್ನುತ್ತಾ ಬಂದ ಅತ್ತೆ ಮಷೀನಿನ ಮೇಲೆ ಕೈಯಿಟ್ಟವರೇ ಹಾವು ತುಳಿದವರಂತೆ ಹಿಂದೆ ಸರಿದರು.

"ನಂಗೂ ಹೊಡೀತು," ಎಂದರು ಮುಖ ಬಿಳಿಚಿಕೊಂಡು. "ನಾನು ಯಾವ ಮಾತ್ರೆ ಬಿಟ್ಟೆ?"

ಮೋಟರಕ್ಕ ಅತ್ತೆಯನ್ನು ನೋಡಿದಳು, ಮಷೀನನ್ನು ನೋಡಿದಳು. ಎದ್ದು ಟೆಸ್ಟರ್ ತಂದು ಮುಟ್ಟಿಸಿದಳು. ದೀಪ ಹತ್ತಿತು. ಅವಳಿಗೆ ನಗು ಬಂತು, ನಗುತ್ತಲೇ ಅಳು ಬಂತು. "ಅತ್ತೆ, ಇದು ನಿಜವಾದ ಕರೆಂಟು. ವೈರಲ್ಲಿದೆ, ನನ್ನ ತಲೇಲಿಲ್ಲ," ಎಂದು ಅವರನ್ನು ತಬ್ಬಿಕೊಂಡಳು. ಆಮೇಲೆ ಮೇನ್ ಆಫ್ ಮಾಡಿ, ಸೋರುವ ಕರೆಂಟನ್ನು ನೆಲಕ್ಕಿಳಿಸುವ, ಕಿತ್ತುಹೋಗಿದ್ದ ಅರ್ಥಿಂಗ್ ತಂತಿ ಸರಿಮಾಡಿ ವರ್ಕ್‌ಶಾಪಿಗೆ ಹೋದಳು. ಅವತ್ತು ಎಂಬತ್ತು ಸುತ್ತನ್ನು ಒಂದೇ ಸಲಕ್ಕೆ ಸುತ್ತಿದಳು.

ಕೇಳುತ್ತಿರುವ ಅಕ್ಕ, ಅಣ್ಣ, ಅಮ್ಮಂದಿರೇ, ನಿಮ್ಮ ಮನೆಯ ಬೀರುವಿನ ಮೇಲೂ ಅಂಥದೊಂದು ಡಬ್ಬಿ ಇರಬಹುದು. ಮನಸ್ಸಿನ ಮಾತ್ರೆಯನ್ನು ಬಿಡಬೇಕು ಅನ್ನಿಸಿದರೆ ಬಿಡುವ ಮುಂಚೆ ಡಾಕ್ಟರಿಗೆ ಹೇಳಿ. ಈಗಾಗಲೇ ಬಿಟ್ಟು ತಬ್ಬಿಬ್ಬಾಗಿದ್ದರೆ ನಾಚಿಕೆ ಬೇಡ, ಇವತ್ತೇ ಹೇಳಿ. ಜೀವ ಬೇಡ ಅನ್ನುವ ಯೋಚನೆ ಬಂದರಂತೂ ಒಂದು ಗಳಿಗೆಯೂ ಕಾಯಬೇಡಿ, ಪಕ್ಕದಲ್ಲಿರುವವರ ಕೈ ಹಿಡಿದುಕೊಂಡು ಆಸ್ಪತ್ರೆಗೆ ಹೋಗಿ. ಬಿಡುವುದಕ್ಕೆ ಎಷ್ಟು ದಿನ ಬೇಕೋ ಅಷ್ಟು ದಿನ ತೆಗೆದುಕೊಳ್ಳಿ. ಪಕ್ಕದ ಮನೆಯವರಿಗೆ ಎರಡು ವಾರ ಸಾಕಾಯಿತು ಅಂತ ನಿಮಗೂ ಸಾಕಾಗಬೇಕಿಲ್ಲ. ಮನೆಯವರೇ, ನೀವು ಚಟ ಅನ್ನಬೇಡಿ. ಮೋಟರಕ್ಕನ ಅತ್ತೆ ಈಗ ಅನ್ನುವುದಿಲ್ಲ. ಯಾರಾದರೂ ಅಂದರೆ, "ಮೊದಲು ಟೀ ಕುಡಿ, ಆಮೇಲೆ ಡಾಕ್ಟರ ಹತ್ರ ಕೇಳು," ಅನ್ನುತ್ತಾರೆ.