ಹೊಂಡಕ್ಕೆ ಇಳಿದದ್ದು ಯಾರು?

ರೇಡಿಯೊ ಮಾತು ನಿಲ್ಲಿಸಿದ್ದಾಳೆ ಎಂಬ ಸುದ್ದಿ ಊಟದ ಹೊತ್ತಿಗೆಲ್ಲ ಇಡೀ ಕ್ಯಾಂಪಿಗೆ ಹಬ್ಬಿತು. ಬೆಳಿಗ್ಗೆ ಅವಳು ಹೊಂಡದಲ್ಲಿ ಎಚ್ಚರ ತಪ್ಪಿ ಬಿದ್ದಾಗ ಜನ ಹೆದರಿದ್ದು ನಿಜ. ಎಚ್ಚರವಾದ ಮೇಲೂ ತುಟಿ ಪಿಟಕ್ಕೆನ್ನದೆ ಕೂತಳಲ್ಲ, ಆಗ ಇನ್ನೂ ಹೆದರಿದರು. ಅವಳ ಬಾಯಲ್ಲಿ ಎಳ್ಳುಕಾಳೂ ನೆನೆಯುವುದಿಲ್ಲ ಎಂದು ತಿಳಿದೇ ಅಲ್ಲವೇ ಆ ಹೆಸರು ಇಟ್ಟಿದ್ದು? “ವಿಷದ ಗಾಳಿ ತಲೆಗೇರಿರಬೇಕು” ಅಂದರು ಯಾರೋ. ಗಾಳಿಯೂ ಇಲ್ಲ, ಮಣ್ಣೂ ಇಲ್ಲ. ಬಾಯಿ ಬಿಟ್ಟರೆ ತನ್ನ ಜೀವ ಉಳಿಸಿದವಳ ಅನ್ನ ಹೋಗುತ್ತದೆ ಎಂದು ಅವಳಿಗೆ ಗೊತ್ತಿತ್ತು, ಅಷ್ಟೆ.

ಕಡಲ ದಂಡೆಯ ಆ ಕ್ಯಾಂಪನ್ನು ಮಿಲಿಟರಿಯವರು ಬಿಟ್ಟುಹೋಗಿ ಎಷ್ಟೋ ವರ್ಷವಾಗಿತ್ತು. ಉಂಡೂ ಹೋದ, ಕೊಂಡೂ ಹೋದ ಅನ್ನುತ್ತಾರಲ್ಲ, ಇವರು ಉಂಡು, ಎಂಜಲೆಲೆಯನ್ನು ಇಲ್ಲೇ ಹೂತು ಹೋದರು. ಮಂಚ ಒಯ್ದರು, ಗಡಿಯಾರ ಒಯ್ದರು. ಇಂಜಿನ್ ತೊಳೆಯುವ ರಾಸಾಯನಿಕದ ಡ್ರಮ್ಮುಗಳನ್ನು ಮಾತ್ರ ಮರಳಿನಡಿ ತಳ್ಳಿ ಕೈ ತೊಳೆದುಕೊಂಡರು. ಡ್ರಮ್ಮಿಗೆ ತುಕ್ಕು ಹಿಡಿಯಿತು, ಒಳಗಿನದು ಮಣ್ಣಿಗಿಳಿಯಿತು, ಬೇಲಿಯಾಚೆಯ ಮನೆಗಳ ಬಾವಿ ನೀರು ಸಿಹಿಸಿಹಿಯಾಗಿ ನಾರತೊಡಗಿತು. ಈಗ ಅದೇ ಮನೆಗಳ ಜನ ಕೂಲಿಗೆ ಬಂದು ಆ ಡ್ರಮ್ಮುಗಳನ್ನು ಎತ್ತಿ, ಕೆಟ್ಟ ಮಣ್ಣನ್ನು ಬಗೆದು ದಪ್ಪ ಚೀಲಕ್ಕೆ ತುಂಬಿ ಬಾಯಿ ಬಿಗಿಯುತ್ತಿದ್ದರು. ಬಿಳಿ ಸೂಟು, ಎರಡೆರಡು ಗ್ಲೌಸು, ಮಣಿಕಟ್ಟಿಗೆ ಟೇಪು, ಮುಖಕ್ಕೆ ಮಾಸ್ಕು. ಅಷ್ಟೆಲ್ಲ ಹಾಕಿಕೊಂಡು ನಿಂತರೆ ಹೆತ್ತ ತಾಯಿಗೂ ಗುರುತು ಸಿಗುವುದಿಲ್ಲ.

ಸೇಫ್ಟಿ ಮೇಡಂ ದಿನಾ ಬೆಳಿಗ್ಗೆ ಗಿಳಿಪಾಠದಂತೆ ಹೇಳಿಸುತ್ತಿದ್ದ ನಿಯಮ ಮೂರು. ಹೊಂಡದೊಳಗೆ ಮಾಸ್ಕಿಗೆ ಕೈ ಹಚ್ಚಬಾರದು. ಯಾರಾದರೂ ಬಿದ್ದರೆ ಹಾರ್ನ್ ಒತ್ತಬೇಕು. ಗಾಳಿ ಸಿಲಿಂಡರ್ ಹೊತ್ತವರು ಬರುವ ತನಕ ಬೇರೆ ಯಾರೂ ಇಳಿಯಕೂಡದು. ಇಳಿದರೆ ಅವತ್ತೇ ಗೇಟ್ ಕಾರ್ಡು ವಾಪಸ್ಸು, ಕೆಲಸ ಹೋದಂತೆಯೇ.

ಅವತ್ತು ರೇಡಿಯೊ ಹೊಂಡದ ತಳದಲ್ಲಿ ಡ್ರಮ್ಮಿಗೆ ಹಗ್ಗ ಬಿಗಿಯುತ್ತಿದ್ದಳು. ಮೇಲೆ ಹಗ್ಗ ಹಿಡಿದವರಲ್ಲಿ ಅವಳ ಓರಗಿತ್ತಿಯೂ ಇದ್ದಳು, ಗಂಡನ ಅಣ್ಣನ ಹೆಂಡತಿ. ರೇಡಿಯೊ ಕರೆಯುವುದು ಅಕ್ಕ ಎಂದು. ಸಂಬಂಧ ಮಾತ್ರ ಎಣ್ಣೆ ಸೀಗೆಕಾಯಿ. ಇಬ್ಬರದೂ ಒಂದೇ ಗೋಡೆಯ ಎರಡು ಮನೆ. ಹಿಂದಿನ ರಾತ್ರಿ ಒಯ್ದ ಕುಕ್ಕರ್ ಅಕ್ಕ ವಾಪಸ್ಸು ಕೊಟ್ಟಿರಲಿಲ್ಲ. ಡ್ರಮ್ಮಿಗೆ ಹಗ್ಗ ಬಿಗಿಯುವಾಗ ಕುಕ್ಕರ್ ಯಾಕೆ ನೆನಪಾಗಬೇಕು? ಆಯಿತು. ಮಾಸ್ಕಿನೊಳಗಿಂದ ಕೂಗಿದರೆ ಮೇಲಕ್ಕೆ ಕೇಳಿಸದು. ಪುಣ್ಯಾತ್ಗಿತ್ತಿ ಗಲ್ಲದ ಹತ್ತಿರ ಮಾಸ್ಕನ್ನು ಇಷ್ಟೇ ಇಷ್ಟು ಎತ್ತಿದಳು. “ಅಕ್ಕಾ, ನಿನಗೆ ಕುಕ್ಕರ್...” ಅನ್ನುವಷ್ಟರಲ್ಲಿ ಕಣ್ಣು ಕತ್ತಲಿಟ್ಟಿತು. ಬಾಯಿ ಬಿಟ್ಟರೆ ಬಣ್ಣಗೇಡು ಎಂಬ ಗಾದೆ ಕಟ್ಟಿದವರು ಇಂಥವಳನ್ನು ಕಂಡೇ ಕಟ್ಟಿರಬೇಕು.

ಹಾರ್ನ್ ಕೇಳಿ ಮೇಡಂ ಓಡಿಬರುವ ಹೊತ್ತಿಗೆ ರೇಡಿಯೊ ಹೊಂಡದ ಆಚೆ ಮರಳಿನ ಮೇಲಿದ್ದಳು. ಸುತ್ತ ಬಿಳಿ ಸೂಟುಗಳು, ಎಲ್ಲ ಒಂದೇ ಥರ. “ಯಾರು ಇಳಿದಿದ್ದು?” ಸೂಟುಗಳು ಒಂದನ್ನೊಂದು ನೋಡಿದವು. ಆದರೆ ರೇಡಿಯೊಗೆ ಗೊತ್ತಿತ್ತು. ಅರೆ ಎಚ್ಚರದಲ್ಲಿ, ಕಂಕುಳಿಗೆ ಕೈ ಹಾಕಿ ಯಾರೋ ತನ್ನನ್ನು ಎಳೆಯುತ್ತಿದ್ದಾಗ, “ಏಳೇ ಪಿಶಾಚಿ, ಏಳೇ ನನ್ನ ತಾಯಿ” ಎಂಬ ದನಿ ಕೇಳಿಸಿತ್ತು. ಪಿಶಾಚಿ ಎಂದು ಅವಳನ್ನು ಅಷ್ಟು ಸಲೀಸಾಗಿ ಕರೆಯುವವರು ಜಗತ್ತಿನಲ್ಲಿ ಒಬ್ಬರೇ.

ಡಾಕ್ಟರು ನೋಡಿ ಪರವಾಗಿಲ್ಲ ಅಂದ ಮೇಲೆ ಮೇಡಂ ಅವಳನ್ನು ಕಂಟೇನರ್ ಆಫೀಸಿನಲ್ಲಿ ಕೂರಿಸಿಕೊಂಡರು. ಫ್ಯಾನು ಗೊರಗೊರ ತಿರುಗುತ್ತಿತ್ತು. ಕಳಚಿದ ಸೂಟು ಪಾರದರ್ಶಕ ಚೀಲದಲ್ಲಿ ಮೂಲೆಗೆ ಬಿದ್ದಿತ್ತು.

“ನಾನೇ ನಡ್ಕೊಂಡು ಬಂದೆ ಮೇಡಂ” ಅಂದಳು ರೇಡಿಯೊ.

“ನಡ್ಕೊಂಡು ಬಂದವರ ಸೂಟು ಹಿಮ್ಮಡಿ ಹತ್ರ ಹರಿಯುತ್ತಾ?”

ಅವಳು ಫ್ಯಾನು ನೋಡಿದಳು.

“ನಾಳೆ ಬೆಳಿಗ್ಗೆ ಎಲ್ಲರ ಮುಂದೆ ಕೇಳ್ತೀನಿ” ಅಂದರು ಮೇಡಂ. “ಅಲ್ಲಿವರೆಗೆ ಹೊಂಡದ ಕೆಲಸ ಬಂದ್.”

ಸಂಜೆ ರೇಡಿಯೊ ಅಕ್ಕನ ಮನೆಗೆ ಹೋದಳು. ಭಾವ ಸೊಂಟಕ್ಕೆ ಪಟ್ಟಿ ಬಿಗಿದುಕೊಂಡು ಗೋಡೆಗೊರಗಿ ಕೂತಿದ್ದರು. ಎರಡು ವರ್ಷದಿಂದ ಅವರದು ಅದೇ ಜಾಗ. ಮನೆ ನಡೆಯುವುದು ಅಕ್ಕನ ಕೂಲಿಯಿಂದ. ಅಕ್ಕ ಹಿತ್ತಿಲಲ್ಲಿ ಪಾತ್ರೆ ಉಜ್ಜುತ್ತಿದ್ದಳು.

“ಅಕ್ಕಾ, ನಿನಗೆ ಹೇಗೆ ಹೇಳಲಿ...”

“ಹೇಳಬೇಡ. ಸತ್ತರೂ ಹೇಳಬೇಡ” ಅಕ್ಕ ಬೂದಿ ಕೈಯನ್ನೇ ಅವಳ ಬಾಯಿಗೆ ಅಡ್ಡ ಹಿಡಿದಳು. “ನಾಳೆ ನಿನ್ನ ಬಾಯಿಂದ ಒಂದು ಮಾತು ಜಾರಿದ್ರೆ ನನ್ನ ಮನೆ ಒಲೆ ಆರುತ್ತೆ. ನೀನು ಬಾಯಿ ಮುಚ್ಕೊಂಡಿದ್ರೆ ಅದೇ ದೊಡ್ಡ ಉಪಕಾರ.”

ಬಾಗಿಲಲ್ಲಿ ನಿಂತಿದ್ದ ಅತ್ತೆ ಇಬ್ಬರನ್ನೂ ನೋಡಿದರು. ಬೆಳಿಗ್ಗೆ ಕಿರಿಯ ಸೊಸೆ ಮನೆ, ರಾತ್ರಿ ಹಿರಿಯ ಸೊಸೆ ಮನೆ ಎಂದು ಊಟ ಹಂಚಿಕೊಂಡವರಿಗೆ ಎರಡು ಕಡೆಯ ಸುದ್ದಿಯೂ ಗೊತ್ತು. “ಒಬ್ಬಳು ಮಾತಾಡಿ ಕೆಟ್ಟಳು, ಇನ್ನೊಬ್ಬಳು ಮಾತಾಡದೆ ಕೆಡ್ತಾಳೆ” ಅಂದು ಒಳಗೆ ಹೋದರು.

ಮರುದಿನ ಎಲ್ಲರೂ ಗೇಟಿನ ಒಳಗೆ ಸಾಲಾಗಿ ನಿಂತರು. ಸೂಟು ಇರಲಿಲ್ಲ, ಹಳೆ ಸೀರೆ, ಹಳೆ ಅಂಗಿ, ಬರಿಯ ಮುಖ. ಮೇಡಂ ಬಾಯಿ ತೆರೆಯುವ ಮೊದಲೇ ರೇಡಿಯೊ ಮುಂದೆ ಬಂದಳು.

“ಮೇಡಂ, ಮಾಸ್ಕ್ ಎತ್ತಿದ್ದು ನಾನು. ಕೂಗೋದಕ್ಕೆ ಎತ್ತಿದೆ. ತಪ್ಪು ನಂದು, ಶಿಕ್ಷೆ ನನಗೆ ಕೊಡಿ. ಎಳೆದವರು ಯಾರೋ ನಾನು ಕಾಣೆ.” ಅಷ್ಟು ಚಿಕ್ಕ ಭಾಷಣ ಅವಳು ಹುಟ್ಟಿದಂದಿನಿಂದ ಮಾಡಿರಲಿಲ್ಲ.

ಮೇಡಂ ಸಿಟ್ಟಾಗಲಿಲ್ಲ. ಹೆಲ್ಮೆಟ್ ತೆಗೆದು ಗೇಟಿನ ಪಕ್ಕದ ಮೇಜಿನ ಮೇಲಿಟ್ಟರು.

“ನಮ್ಮಪ್ಪ ಹಡಗಿನ ಟ್ಯಾಂಕ್ ತೊಳೀತಿದ್ದರು. ಒಂದಿನ ಒಳಗೆ ಬಿದ್ದರು. ಎತ್ತೋಕೆ ಒಬ್ಬರು ಇಳಿದರು, ಹಿಂದೆಯೇ ಇನ್ನೊಬ್ಬರು, ಆಮೇಲೆ ಮೂರನೆಯವರು. ಮೂವರೂ ಸೇರಿ ನಮ್ಮಪ್ಪನ್ನ ಮೇಲಕ್ಕೆ ತಳ್ಳಿದರು, ತಾವು ಅಲ್ಲೇ ಉಳಿದುಬಿಟ್ಟರು. ನಮ್ಮಪ್ಪ ಬದುಕಿದರು. ತುಂಬಾ ವರ್ಷ ಬದುಕಿದರು. ದಿನಾ ಊಟಕ್ಕೆ ಕೂತಾಗ ಆ ಮೂವರನ್ನ ನೆನೆಸ್ಕೊಂಡು ಅಳ್ತಿದ್ದರು. ಕೈ ಮುಗಿಯೋಣ ಅಂದ್ರೆ ಅವರೇ ಇಲ್ವಲ್ಲಮ್ಮ ಅಂತಿದ್ದರು.” ಅವರು ಸಾಲಿನ ಕಡೆ ತಿರುಗಿದರು. “ಯಾರದೋ ಅನ್ನ ಕಿತ್ಕೊಳ್ಳೋ ಆಸೆ ನನಗಿಲ್ಲ. ಇವತ್ತು ಇದನ್ನ ಮುಚ್ಚಿ ಹಾಕಿದ್ರೆ ನಾಳೆ ಇನ್ನೊಬ್ಬರು ಇಳೀತಾರೆ. ಅವರು ಮೇಲೆ ಬರಲ್ಲ.”

ಸಾಲಿನ ಕೊನೆಯಿಂದ ಅಕ್ಕ ಹೊರಬಂದಳು. ರೇಡಿಯೊ ತಲೆಯಾಡಿಸಿ ಬೇಡ ಬೇಡ ಅಂದಳು, ಯಾರು ಕೇಳುತ್ತಾರೆ?

“ಇಳಿದದ್ದು ನಾನು ಮೇಡಂ. ಇವಳು ಮತ್ತೆ ಬಿದ್ದರೆ ಮತ್ತೆ ಇಳಿದುಬಿಡ್ತೀನಿ, ನನ್ನ ಕಾಲು ನನ್ನ ಮಾತು ಕೇಳಲ್ಲ. ಅದಕ್ಕೇ ನನ್ನನ್ನ ಅಲ್ಲಿ ಇಟ್ಕೋಬೇಡಿ.” ಕೊರಳಿಂದ ಗೇಟ್ ಕಾರ್ಡು ತೆಗೆದು ಕೊಟ್ಟಳು.

“ಮೇಡಂ!” ರೇಡಿಯೊ ತಡೆಯಲಾರದೆ ಕೂಗಿದಳು. “ಆ ಮೂವರು ಬದುಕಿ ಬಂದಿದ್ರೆ ನಿಮ್ಮಪ್ಪ ಅವರ ಕಾರ್ಡು ಕಿತ್ಕೊಳ್ತಿದ್ರಾ?”

“ಇಲ್ಲ” ಅಂದರು ಮೇಡಂ. “ಕೈ ಮುಗೀತಿದ್ದರು.” ಕಾರ್ಡನ್ನು ಜೇಬಿಗೆ ಹಾಕಿಕೊಂಡರು. ಆಮೇಲೆ ಅಷ್ಟೂ ಜನರ ಎದುರಿಗೆ ಅಕ್ಕನಿಗೆ ಎರಡು ಕೈ ಜೋಡಿಸಿದರು. “ಇದು ನಮ್ಮಪ್ಪನ ಪರವಾಗಿ. ಈ ನಿಯಮ ಮಾತ್ರ ಆ ಮೂರು ಮನೆಯವರದ್ದು. ಅದನ್ನ ಬಿಟ್ಟುಕೊಡೋ ಅಧಿಕಾರ ನನಗಿಲ್ಲ ಅಮ್ಮಾ.” ಅವರ ಕಣ್ಣು ಕೆಂಪಾಗಿತ್ತು. ರೇಡಿಯೊಗೆ ಒಂದು ವಾರ ಕೆಲಸವಿಲ್ಲ, ಆಮೇಲೆ ಮಾಸ್ಕಿನ ಪಾಠ ಮೊದಲಿಂದ ಕಲಿತು ಬರಬೇಕು ಎಂದಾಯಿತು.

ಬೇಲಿ ಪಕ್ಕದ ದಾರಿಯಲ್ಲಿ ಇಬ್ಬರೂ ಮನೆ ಕಡೆ ನಡೆದರು. ಇದೆಂಥ ನ್ಯಾಯ, ತಪ್ಪು ಮಾಡಿದವಳ ಕಾರ್ಡು ಕೊರಳಲ್ಲಿ, ಉಳಿಸಿದವಳ ಕೊರಳು ಬರಿದು ಎಂದು ರೇಡಿಯೊಗೆ ಹೊಟ್ಟೆ ಉರಿಯಿತು. ಮೇಡಂ ಮೇಲೆ ಸಿಟ್ಟು ಮಾಡೋಣವೆಂದರೆ ಅದೂ ಬರುತ್ತಿಲ್ಲ.

“ಇವತ್ತಿಂದ ಎರಡು ಮನೆಗೂ ಒಂದೇ ಒಲೆ” ಅಂದಳು. “ನಿನಗೆ ಬೇರೆ ಕೆಲಸ ಸಿಗೋ ತನಕ ನನ್ನ ಕೂಲಿ ಇಬ್ಬರದ್ದು. ಅತ್ತೆಗೂ ಆ ಮನೆ ಈ ಮನೆ ಓಡಾಟ ತಪ್ಪುತ್ತೆ.”

“ನಿನ್ನ ಕೈ ಅಡುಗೆ ದಿನಾ ತಿನ್ನೋದಾ? ಅದರ ಬದಲು ಹೊಂಡಕ್ಕೇ ಇಳೀತೀನಿ ಬಿಡು.”

ರೇಡಿಯೊ ನಗಲಿಲ್ಲ. ದಾರಿಗೆ ಅಡ್ಡ ನಿಂತಳು. “ಅಕ್ಕಾ, ಈಗ ಬಾಯಿ ಮುಚ್ಚಿಸಬೇಡ. ಇವತ್ತು ಬೆಳಿಗ್ಗೆ ನನ್ನ ಮಗಳು ಬಾಚಣಿಗೆ ಹಿಡ್ಕೊಂಡು ಬಂದು ಜಡೆ ಹಾಕು ಅಂತ ನನ್ನ ಮುಂದೆ ಕೂತಳು. ಹಾಕಿದೆ. ನೀನು ಇಳೀದೇ ಇದ್ದಿದ್ರೆ ಅವಳು ಯಾರ ಮುಂದೆ ಕೂರ್ತಿದ್ದಳು ಹೇಳು? ನನ್ನ ಬಾಯಿಂದ ನಾನು ಸತ್ತಿದ್ದೆ, ನಿನ್ನ ಕೈಯಿಂದ ಬದುಕಿದ್ದೀನಿ. ಮೇಡಂ ಅಪ್ಪನಿಗೆ ಹೇಳೋಕೆ ಯಾರೂ ಇರಲಿಲ್ಲ. ನನಗೆ ನೀನಿದ್ದೀಯ. ದೊಡ್ಡ ಉಪಕಾರ ಆಯ್ತು ಕಣಕ್ಕಾ.”

ಅಕ್ಕ ಗದರಲಿಲ್ಲ. ಬೇಲಿಯ ಕಂಬ ಹಿಡಿದು ನಿಂತಳು. ನಿನ್ನೆಯಿಂದ ಕಟ್ಟಿಕೊಂಡಿದ್ದ ಅಳು ಈಗ ಬಂತು, ಮಕ್ಕಳ ಹಾಗೆ ಬಿಕ್ಕಿದಳು.

“ಸತ್ತೇ ಹೋಗಿದ್ದೀಯ ಅಂದ್ಕೊಂಡೇ ಎಳೆದೆ ಕಣೇ” ಅಂದಳು. “ತುಂಬಾ ಹೆದರಿದ್ದೆ.” ಸೆರಗಿನಿಂದ ಮೂಗು ಒರೆಸಿಕೊಂಡಳು. “ಇನ್ನೊಂದು ಸಲ ಹೇಳು.”

ರೇಡಿಯೊ ಇನ್ನೊಂದು ಸಲ ಹೇಳಿದಳು.