ತಂಪು ಸೋರಿಹೋಗುತ್ತೆ

ನಮ್ಮ ಯಜಮಾನರಿಗೆ ಬರುವ ವಿದ್ಯೆ ಒಂದೇ, ಬಾಗಿಲು ಮುಚ್ಚುವುದು. ಮದುವೆಗೆ ಮುಂಚಿನಿಂದಲೂ ತರಕಾರಿ ಕೋಲ್ಡ್ ಸ್ಟೋರೇಜಿನಲ್ಲಿ ಕೆಲಸ. ಅಲ್ಲಿ ಬಾಗಿಲು ತೆರೆದಿಟ್ಟವನು ಕೊಲೆ ಮಾಡಿದವನಿಗಿಂತ ಕಡೆ.

ಈ ಬೇಸಿಗೆಯಲ್ಲಿ ಇವರು ಸ್ನೇಹಿತರ ಕ್ಯಾಂಪರ್ ಕೇಳಿ ತಂದರು. ಕಾರಿನ ಹಿಂದೆ ಎಳೆದುಕೊಂಡು ಹೋಗುವಾಗ ಪೆಟ್ಟಿಗೆ. ನಿಲ್ಲಿಸಿ ಛಾವಣಿ ಎತ್ತಿದರೆ ಸುತ್ತ ಕ್ಯಾನ್ವಾಸ್ ಗೋಡೆ, ಜಾಲರಿ ಕಿಟಕಿ, ಎರಡು ಹಾಸಿಗೆ. ಕೆರೆ ದಂಡೆಯಲ್ಲಿ ಒಂದು ವಾರ ಅಂದರು. ಮದುವೆಯಾದಾಗಿನಿಂದ ನಾನು ಕೇಳಿದ್ದೇ ಅದೊಂದು. ಅಡುಗೆಮನೆ ಗೋಡೆ ಬಿಟ್ಟು ಬೇರೇನಾದರೂ ನೋಡುತ್ತಾ ಕಾಫಿ ಕುಡಿಯಬೇಕು, ನೀರು ಕಂಡರೆ ಸಾಕು.

ನನ್ನ ಹಾಳು ಬಾಯಿ ಸುಮ್ಮನಿರಬೇಕಲ್ಲ! ಆ ಬಟ್ಟೆ ಡಬ್ಬಿಯಲ್ಲಿ ಬಿಸಿಲಿಗೆ ಬೆಂದುಹೋಗುತ್ತೇವೇನೋ ಅಂದುಬಿಟ್ಟೆ. ಅಷ್ಟೇ ಸಾಕಾಯಿತು, ಕೋಲ್ಡ್ ಸ್ಟೋರೇಜೇ ನಮ್ಮ ಹಿಂದೆ ಹೊರಟುಬಂತು.

ಕೆರೆ ದಂಡೆಯಲ್ಲಿ ಬೇಕಾದಷ್ಟು ಮರಗಳಿದ್ದವು. ಇವರು ಬಟ್ಟಬಯಲಲ್ಲಿ ನಿಲ್ಲಿಸಿದರು. ನೆರಳು ಅತ್ತಿತ್ತ ಸರಿದಾಡುತ್ತದಂತೆ, ಬಿಸಿಲನ್ನಾದರೆ ನಂಬಬಹುದಂತೆ. ಕಿಟಕಿಗಳಿಗೆಲ್ಲ ಅಲ್ಯೂಮಿನಿಯಂ ಹಾಳೆ, ಜಿಪ್ಪುಗಳ ಮೇಲೆ ಟೇಪು, ಬಾಗಿಲಿಗೆ ಗೋದಾಮಿನ ದಪ್ಪ ಪ್ಲಾಸ್ಟಿಕ್ ಪರದೆ, ಒಳಗೆ ಟಬ್ಬುಗಟ್ಟಲೆ ಐಸು. ನಮ್ಮ ಜೊತೆ ಬಂದಿದ್ದ ಅತ್ತೆಯನ್ನು ಬಾಗಿಲ ಕಾವಲಿಗೆ ಕೂರಿಸಿದರು. ಪದೇಪದೇ ತೆರೆಯುವ ಹಾಗಿಲ್ಲ. ಒಬ್ಬರಿಗೆ ಅವಸರವಾದರೆ ಮೂವರೂ ಒಟ್ಟಿಗೆ ಶೌಚಾಲಯಕ್ಕೆ ಹೋಗಿಬರಬೇಕೆಂದು ಕಟ್ಟಪ್ಪಣೆ. ಉಸಿರಿನಲ್ಲಿ ಶಾಖವಿರುತ್ತದೆ, ಅಗತ್ಯವಿದ್ದರಷ್ಟೇ ಮಾತಾಡಿ ಅಂದರು. ಅತ್ತೆ ಪಾಪ, ಕೈಸನ್ನೆಯಲ್ಲೇ ನನ್ನನ್ನು ಬೈಯತೊಡಗಿದರು.

ಮರುದಿನಕ್ಕೆ ಐಸೆಲ್ಲ ಕರಗಿ, ಒಳಗೆಲ್ಲ ಹಬೆ ತುಂಬಿ, ಛಾವಣಿಯಿಂದ ತೊಟ್ಟಿಕ್ಕತೊಡಗಿತು. ಮೂವರೂ ಬೇಯಿಸಿದ ಗೆಣಸಿನಂತೆ ಕೂತಿದ್ದೆವು. ಶೌಚಾಲಯಕ್ಕೆ ಮೆರವಣಿಗೆ ಹೊರಟಾಗ ಪಕ್ಕದ ಕ್ಯಾಂಪರಿನವನನ್ನು ನೋಡಿದೆ. ಮರದಡಿ ನಿಲ್ಲಿಸಿ, ಕಿಟಕಿಗಳ ಬಟ್ಟೆ ಸುತ್ತಿ ಮೇಲೆ ಕಟ್ಟಿ, ಗಾಳಿ ಬರುವ ಕಡೆ ಒದ್ದೆ ಹೊದಿಕೆ ತೂಗುಹಾಕಿ, ಕೆರೆ ನೋಡುತ್ತಾ ಆರಾಮಾಗಿ ಕೂತಿದ್ದ. ನಿಮ್ಮಲ್ಲಿ ಯಾರಿಗಾದರೂ ಅಂಟುಜಾಡ್ಯವೇ ಎಂದು ಮೆಲ್ಲಗೆ ವಿಚಾರಿಸಿದ. ನನಗೆ ಅಳುವೇ ಬಂತು. ಇಷ್ಟು ದೂರ ಬಂದು, ಕೆರೆಯನ್ನು ಶೌಚಾಲಯದ ದಾರಿಯಲ್ಲಷ್ಟೇ ನೋಡಿದ್ದೆ.

ಒಳಗೆ ಬಂದವಳೇ ಕಿಟಕಿಯ ಹಾಳೆಗೆ ಕೈ ಹಾಕಿದೆ. ಯಜಮಾನರು ಅಡ್ಡ ನಿಂತರು.

“ತಂಪೆಲ್ಲ ಸೋರಿಹೋಗುತ್ತೆ ಕಣೇ.”

“ನಾನೇನು ಬಟಾಣಿನಾ?”

ಅವರ ಮುಖ ಬಾಡಿತು. “ಬಟಾಣಿ ಆಗಿದ್ರೆ ವರ್ಷ ಪೂರ್ತಿ ಕೆಡದ ಹಾಗೆ ಇಟ್ಕೊಳ್ತಿದ್ದೆ,” ಅಂದರು. “ನನಗೆ ಬರೋದು ಅದೊಂದೇ. ನಿನಗೆ ಬಿಸಿಲು ತಾಗಬಾರದು ಅಂತ ಮಾಡ್ದೆ.”

ಇಂಥ ಮಂಕು ಮನುಷ್ಯನ ಮೇಲೆ ಎಷ್ಟೂಂತ ಸಿಟ್ಟು ಮಾಡುವುದು?

“ಹೇಗೂ ಒಂದಿನ ಕೆಡೋಳೇ ನಾನು,” ಅಂದೆ. “ಕೆರೆ ನೋಡ್ತಾ ಕೆಡ್ತೀನಿ, ಬಿಡಿ.”

ಅವರು ತಾವೇ ಹಾಳೆ ಕಿತ್ತು, ಟೇಪು ಬಿಡಿಸಿ, ಜಿಪ್ಪು ಎಳೆದು, ಕಿಟಕಿಯ ಬಟ್ಟೆಯನ್ನು ಸುತ್ತಿ ಮೇಲಕ್ಕೆ ಕಟ್ಟಿದರು. ನಾನು ಸರಿದು ಅವರಿಗೂ ಜಾಗ ಮಾಡಿಕೊಟ್ಟೆ. ಸಂಜೆಯವರೆಗೂ ಇಬ್ಬರೂ ಅಲ್ಲೇ ಕೂತು ಬೆವರಿದೆವು.